ಹೆಲಿಕಾಪ್ಟರ್ ಹುಳದ ಸ್ಟೇಟಸ್ಸು

"ನಿಮ್ಮೂರ ಕೆರ್ಯಾಗಿನ ಹುಳಕ್ಕರ ಒಂದು ಸ್ಟೇಟಸ್ ಐತಿ ತಮ್ಮಾ, ನಿನಗ ಅದೂ ಇಲ್ಲ."

ಹಿರೇಕೆರೂರಿನ ಗೊಬ್ಬರದಂಗಡಿ ಪರಮೇಶಪ್ಪ ಈ ಮಾತನ್ನು ಯಾವುದೋ ಓಣಿಯ ಮೂಲೆಯಲ್ಲಿ ನಿಂತು ಹೇಳಲಿಲ್ಲ. ತನ್ನ ಮನೆಯ ಪಡಸಾಲೆಯಲ್ಲಿ, ಎರಡೂ ಕಡೆಯ ಹಿರಿಯರು ಜಮಖಾನೆಯ ಮೇಲೆ ಸಾಲಾಗಿ ಕುಳಿತು ಅವಲಕ್ಕಿಯ ತಟ್ಟೆಗೆ ಕೈ ಹಾಕಿದಾಗ, ಯಾರ ಬಾಯಿಯೂ ಖಾಲಿ ಇರದ ಹೊತ್ತು ನೋಡಿ ಹೇಳಿದ. ಬಾಯಲ್ಲಿ ಅವಲಕ್ಕಿ ಇರುವ ಮನುಷ್ಯ ಎದುರುತ್ತರ ಕೊಡಲಾರ. ಕೊಟ್ಟರೆ ಅವಲಕ್ಕಿ ಎದುರಿನವನ ಅಂಗಿಯ ಮೇಲೆ ಹೋಗಿ ಬೀಳುತ್ತದೆ. ಇಂಥ ಲೆಕ್ಕಾಚಾರ ಬಲ್ಲವರನ್ನೇ ನಮ್ಮ ಕಡೆ ಹಿರಿಯರು ಎನ್ನುವುದು.

ತಮ್ಮಾ ಅನ್ನಿಸಿಕೊಂಡವನು ಮಾಲತೇಶ. ಹಾನಗಲ್ಲ ತಾಲೂಕಿನಲ್ಲಿ ಆಡೂರಿನ ಆಚೆ ನೀಲಕೊಪ್ಪ ಅಂತ ಒಂದು ಊರು. ಅಲ್ಲಿಯ ಕೆರೆಯ ಏರಿ ಮೇಲೆ ತಗಡಿನ ಅಂಗಡಿ ಇಟ್ಟುಕೊಂಡು, ಸುಟ್ಟುಹೋದ ಪಂಪಸೆಟ್ಟಿನ ಮೋಟರುಗಳಿಗೆ ಹೊಸ ತಂತಿ ಕಟ್ಟುವವನು. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಗಣಿತದ ಮಾಸ್ತರರಿಗೂ ಇವನಿಗೂ ಅಭಿಪ್ರಾಯಭೇದ ಬಂತು. ಮಾಸ್ತರರು ಶಾಲೆಯಲ್ಲೇ ಉಳಿದರು, ಇವನು ಹೊರಗೆ ಬಂದ. ಅಂದಿನಿಂದ ಸಿಟ್ಟು ಅವನ ಕಾಯಂ ಗಿರಾಕಿ. ಕುಂತಲ್ಲಿ ಕುಂದ್ರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಮೋಟರು ಕಟ್ಟುವಾಗಲೂ ಒಂದು ಕಾಲು ಅಂಗಡಿಯ ಹೊರಗೇ ಇರುತ್ತದೆ.

ಪರಮೇಶಪ್ಪನ ಮಾತಿಗೆ ಆಧಾರವೂ ಇತ್ತು. ಪೇಪರಿನ ಒಳಪುಟದಲ್ಲಿ "ನೀಲಕೊಪ್ಪದ ಕೆರೆಯಲ್ಲಿ ಅಪರೂಪದ ಹುಳ: ಸಿಗಲಿದೆ ವಿಶೇಷ ಸ್ಥಾನಮಾನ" ಎಂದು ಬಂದಿತ್ತು. ಅದನ್ನವನು ನಾಲ್ಕು ಮಡಿಕೆ ಮಾಡಿ ಸಫಾರಿಯ ಕಿಸೆಯಲ್ಲೇ ಇಟ್ಟುಕೊಂಡಿದ್ದ. "ಓದೀರಿಲ್ಲೋ ಚನ್ನವೀರಪ್ಪನವರ?" ಎಂದು ಮಾಲತೇಶನ ಕಾಕಾನನ್ನು ಕೇಳಿದ. ಚನ್ನವೀರಪ್ಪ ಹಾನಗಲ್ಲದವನು, ಈ ಸಂಬಂಧ ಕುದುರಿಸಿದವನು. ಆತ "ಹೆಹೆ" ಎಂದ. ಅವನು ನಕ್ಕಮೇಲೆ ಉಳಿದವರಿಗೂ ದಾರಿಯಾಯಿತು. ಪಡಸಾಲೆಯೆಲ್ಲ ನಕ್ಕಿತು. ಕೊನೆಗೆ ಅಡಿಗೆಮನೆಯ ಬಾಗಿಲ ಹಿಂದಿನಿಂದಲೂ ಒಂದು ನಗು ಕೇಳಿಸಿತು, ಬಳೆಯ ಸಪ್ಪಳದ ಜೊತೆ.

ಆ ನಗು ಮಾಲತೇಶನಿಗೆ ಚುಚ್ಚಿತು. ನಕ್ಕವಳು ತನುಜಾಳೋ, ಅವಳ ಅತ್ತಿಗೆಯೋ?

ತನುಜಾ ಎಂದರೆ ಇವರು ನೋಡಲು ಬಂದಿದ್ದ ಕನ್ಯೆ. ತಂದೆಯಿಲ್ಲದ ಹುಡುಗಿ, ಸೋದರಮಾವ ಪರಮೇಶಪ್ಪನೇ ಮನೆಯ ಯಜಮಾನ. ಚಹಾ ಕೊಡುವಾಗ ಅವಳು ಇವನ ಜೊತೆ ಆಡಿದ್ದು ಒಂದೇ ಮಾತು: "ನಮ್ಮ ಮಿಕ್ಸರ್ ಸುಟ್ಟೈತ್ರಿ. ಅದನ್ನೂ ಕಟ್ಟಾಕ ಬರ್ತೈತೇನು?" ಹೋದಲ್ಲೆಲ್ಲ ಹುಡುಗಿಯರು ಸಂಬಳ ಎಷ್ಟು, ಸಿಟಿಯಲ್ಲಿ ಮನೆ ಐತೇನು ಎಂದು ಕೇಳಿದ್ದರು. ಮಿಕ್ಸರಿನ ವಿಚಾರ ತೆಗೆದವಳು ಇವಳೊಬ್ಬಳೇ. ಬರ್ತೈತಿ ಎನ್ನಬೇಕೆಂದು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅವಲಕ್ಕಿ, ಆಮೇಲೆ ಹುಳ.

"ಆತು, ಗಂಡು ವಿಚಾರ ಮಾಡಿ ತಿಳಸ್ತೇವಿ" ಎಂದು ಪರಮೇಶಪ್ಪ ಎಲೆಅಡಿಕೆ ಮುಂದೆ ಸರಿಸಿದ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಲಗ್ನ ಗೊತ್ತಾಗುವ ತನಕ ಗಂಡಸು ಗಂಡಸಲ್ಲ, ಗಂಡು. ಗಂಡು ಬಂದೈತಿ, ಗಂಡು ಕುಂತೈತಿ, ಗಂಡು ಚಹಾ ಕುಡಿದೈತಿ. ಎತ್ತಿಗೂ ಇದೇ ವ್ಯಾಕರಣ. ತಾಳಿ ಕಟ್ಟಿದ ಮೇಲೆಯೇ ಅದು ಅವನಾಗುವುದು. ಈ ವ್ಯಾಕರಣದಿಂದ ಮುಂದೆ ಏನೇನು ಅನಾಹುತವಾಯಿತು ಎಂಬುದೇ ಈ ಕಥೆ.

ಹಿರೇಕೆರೂರಿನಿಂದ ಹೊರಟ ಮಾಲತೇಶನ ಗಾಡಿ ಹಂಸಭಾವಿ ದಾಟುವಷ್ಟರಲ್ಲಿ ಪರಮೇಶಪ್ಪನಿಗೆ ಕೊಡಬೇಕಾಗಿದ್ದ ಉತ್ತರ ಹೊಳೆಯಿತು. ತಿಳವಳ್ಳಿಯಲ್ಲಿ ಅದಕ್ಕಿಂತ ಖಡಕ್ ಇನ್ನೊಂದು ಹೊಳೆಯಿತು. ಗಾಡಿಯ ಮೇಲೇ ಅದನ್ನು ಗಟ್ಟಿಯಾಗಿ ಹೇಳಿದ. ಹಿಂದೆ ಕುಳಿತಿದ್ದ ಅವ್ವ ಅಡಿವೆವ್ವ, "ಯಾರಿಗೆ ಬೈಯಾಕತ್ತೀಯೋ?" ಎಂದಳು. "ಯಾರಿಗಿಲ್ಲ, ಸುಮ್ನ ಕುಂದ್ರಬೇ" ಎಂದ. ಉತ್ತರಗಳ ಗುಣವೇ ಹೀಗೆ, ಬಸ್ಸು ಹೋದಮೇಲೆ ಸ್ಟ್ಯಾಂಡಿಗೆ ಬರುತ್ತವೆ.

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯದೆ ನೇರ ಕೆರೆಗಿಳಿದ. ಅಲ್ಲಿ ಜೊಂಡಿನ ಪಕ್ಕ ಬಲೆ ಹಿಡಿದು ಫರ್ಹತ ಮೇಡಮ್ ಕುಳಿತಿದ್ದಳು. ಸವಣೂರಿನ ಹುಡುಗಿ, ಧಾರವಾಡದಲ್ಲಿ ಹುಳಗಳ ಮೇಲೆ ಓದು ಮಾಡುತ್ತಿದ್ದಳು. ಅವಳು ಹಿಂದೆ ಬಿದ್ದ ಹುಳವನ್ನು ನೀಲಕೊಪ್ಪದವರು ಹೆಲಿಕಾಪ್ಟರ್ ಹುಳ ಎನ್ನುತ್ತಾರೆ. ಅದರ ಬಗ್ಗೆ ಊರಿಗಿದ್ದ ಜ್ಞಾನ ಇಷ್ಟೇ: ಬಾಲಕ್ಕೆ ದಾರ ಕಟ್ಟಿದರೆ ದಾರದ ಜೊತೆ ಹಾರುತ್ತದೆ. ಅದರಲ್ಲಿ ನೀಲಿ ಬಾಲದ್ದೊಂದು ಜಾತಿ ಈ ಕೆರೆ ಬಿಟ್ಟು ಬೇರೆಲ್ಲೂ ಕಂಡಿಲ್ಲ ಎಂದು ಮೇಡಮ್ ಹೇಳಿದಾಗ ಊರವರು ಮೊದಲು ಹೆಮ್ಮೆಪಟ್ಟರು, ಆಮೇಲೆ ದಾರ ಹುಡುಕಿದರು.

"ಮೇಡಮ್ಮರ, ಈ ಹುಳಕ್ಕ ಸ್ಟೇಟಸ್ ಕೊಟ್ಟಾವ್ರು ಯಾರ್ರಿ?" ಮಾಲತೇಶ ಜಗಳಕ್ಕೆ ಬಂದವನ ಹಾಗೆ ಕೇಳಿದ.

"ಇನ್ನೂ ಕೊಟ್ಟಿಲ್ಲಣ್ಣ. ಈಗಿಂದು 'ಮಾಹಿತಿ ಸಾಲದು' ಅಂತ ಐತಿ. ಅರಣ್ಯ ಇಲಾಖೆ ಸಾಹೇಬ್ರು ಬಂದು ನೋಡಿ ಹೌದು ಅಂದ್ರ ಮುಂದಿಂದು ಸಿಗ್ತೈತಿ. ಈ ವಾರ ಬರ್ತೇನಿ ಅಂದಾರ."

"ಮುಂದಿಂದು ಅಂದ್ರ ಯಾವ್ದು?"

"ತೀವ್ರ ಅಪಾಯ."

"ಅದು ದೊಡ್ಡದೇನ್ರಿ?"

ಫರ್ಹತ ನಕ್ಕಳು. "ಬಯಲಾಗ ಬದುಕಿರೋ ಜೀವಕ್ಕ ಅದರ ಮ್ಯಾಲಿಂದು ಇಲ್ಲಣ್ಣ."

ಅದಕ್ಕಿಂತ ಮೇಲಿನದಿಲ್ಲ ಎಂದರೆ ಅದಕ್ಕಿಂತ ಕೆಟ್ಟದ್ದಿಲ್ಲ ಎಂದು ನೀವು ತಿಳಿಯುತ್ತೀರಿ. ಮಾಲತೇಶ ತಿಳಿದದ್ದು ಬೇರೆ. ಅವನ ಬದುಕಿನಲ್ಲಿ ಅಪಾಯ ಎಂಬ ಅಕ್ಷರ ಇದ್ದದ್ದು ಒಂದೇ ಕಡೆ, ಕರೆಂಟಿನ ಟಿಸಿ ಕಂಬಕ್ಕೆ ತೂಗುಹಾಕಿದ ತಲೆಬುರುಡೆಯ ಬೋರ್ಡಿನ ಮೇಲೆ. ಆ ಕಂಬದ ಹತ್ತಿರ ತಹಶೀಲ್ದಾರರೂ ಹೋಗುವುದಿಲ್ಲ. ಬರೀ ಅಪಾಯಕ್ಕೇ ಅಷ್ಟು ಮರ್ಯಾದೆ ಇದ್ದರೆ ತೀವ್ರ ಅಪಾಯಕ್ಕೆ ಎಷ್ಟಿರಬೇಡ! ಅದು ಬೆರಳುದ್ದದ ಹುಳಕ್ಕೆ ಸಿಗುವುದಾದರೆ ಆರು ಅಡಿಯ ಮನುಷ್ಯನಿಗೆ ಯಾಕೆ ಸಿಗಬಾರದು?

"ಅಣ್ಣ, ಅಲುಗಾಡಬ್ಯಾಡ್ರಿ" ಎಂದು ಫರ್ಹತ ಪಿಸುಗುಟ್ಟಿದಳು. "ನಿಮ್ಮ ಹೆಗಲ ಮ್ಯಾಲೆ ಕುಂತೈತಿ. ಮೆಲ್ಲಕ ಹಿಂದಕ್ಕ ಮಲಗ್ರಿ. ಉಸರು ಬಿಡಬ್ಯಾಡ್ರಿ. ಕಣ್ಣು ಮುಚ್ರಿ."

ಹುಟ್ಟಿದಾಗಿನಿಂದ ಯಾರು ಹೇಳಿದರೂ ಸುಮ್ಮನಿರದ ಮಾಲತೇಶ ಆ ದಿನ ಕೆರೆಯ ದಂಡೆಯ ಮೇಲೆ ಅಂಗಾತ ಮಲಗಿ, ಕೈ ಎದೆಯ ಮೇಲಿಟ್ಟು, ಕಣ್ಣು ಮುಚ್ಚಿ, ಉಸಿರು ಹಿಡಿದ. ಹೆಗಲ ಮೇಲೆ ಹುಳ, ಸುತ್ತ ಹಳದಿ ಕಾಡುಹೂವು. ಫೋಟೋ ಚೆನ್ನಾಗಿ ಬಂತು.

ಫರ್ಹತ ಆ ಫೋಟೋವನ್ನೂ ಅದರ ಜೊತೆ ನಾಲ್ಕು ಸಾಲನ್ನೂ ಅವನ ಫೋನಿಗೆ ಕಳಿಸಿ, "ಊರವ್ರಿಗೆ ಗೊತ್ತಾಗ್ಲಿ, ಹುಡುಗೂರು ದಾರ ಕಟ್ಟೋದು ಬಿಡ್ಲಿ. ಇದನ್ನ ಸ್ಟೇಟಸ್ ಇಡ್ರಿ ಅಣ್ಣ" ಎಂದಳು.

ಸ್ಟೇಟಸ್ ಇಡುವುದು! ಇಷ್ಟು ಸುಲಭವೆಂದು ಗೊತ್ತಿದ್ದರೆ ಹಿರೇಕೆರೂರಿಗೆ ಹೋಗುವ ಮೊದಲೇ ಇಡುತ್ತಿದ್ದನಲ್ಲ. ಮಾಲತೇಶ ಅಂಗಡಿಯ ಮುಂದೆ ನಿಂತು ಫೋಟೋ ತೆರೆದ. ಅದರಲ್ಲಿ ತಾನು ಸಣ್ಣಗೆ ಕಾಣುತ್ತೇನೆ ಅನ್ನಿಸಿತು. ಎರಡು ಬೆರಳಿಟ್ಟು ಎಳೆದ. ಮುಖ ದೊಡ್ಡದಾಯಿತು, ಹೆಗಲು ಹೊರಗೆ ಹೋಯಿತು, ಹೆಗಲ ಜೊತೆ ಹುಳವೂ ಹೋಯಿತು. ಬರಹದ ಮೊದಲ ಸಾಲಿನಲ್ಲಿ ಹುಳದ ಹೆಸರು ಬಾಯಿ ತಿರುಗದ ಭಾಷೆಯಲ್ಲಿತ್ತು. ಅದನ್ನು ಅಳಿಸಿದ. ಮುಂದೆ 'ಸಿಗಬೇಕಾದ ಸ್ಥಿತಿ' ಎಂದಿದ್ದಲ್ಲಿ 'ಸಿಗಬೇಕಾದ' ಎಂಬುದನ್ನೂ ಅಳಿಸಿದ. ಉಳಿದದ್ದು ಇಷ್ಟು:

"ಸ್ಥಿತಿ: ತೀವ್ರ ಅಪಾಯ. ಕಣ್ಮರೆಯಾಗುವ ಮುನ್ನ ಒಮ್ಮೆ ಬಂದು ನೋಡಿ. ಉಳಿಸಿಕೊಳ್ಳುವುದು ನಮ್ಮೆಲ್ಲರ ಕೈಯಲ್ಲಿದೆ."

ಮೇಲೆ ಕಣ್ಣು ಮುಚ್ಚಿದ ಮಾಲತೇಶ, ಕಿವಿಯ ಪಕ್ಕ ಹಳದಿ ಹೂವು.

ಒತ್ತಿದ. ಒತ್ತಿ, ಫೋನನ್ನು ಅಂಗಿಯ ಕಿಸೆಯಲ್ಲಿಟ್ಟು, ಹೊಲದವನೊಬ್ಬ ಕರೆದನೆಂದು ಹೋಗಿ, ಅಂಗಿ ಕಳಚಿ ಬೇವಿನ ಗಿಡಕ್ಕೆ ತೂಗುಹಾಕಿ ಬಾವಿಗಿಳಿದ. ಪಂಪಿನ ಪೈಪಿನ ತಳದ ಫುಟ್‌ವಾಲಿಗೆ ಕಸ ಸಿಕ್ಕಿತ್ತು. ಅದನ್ನು ಬಿಡಿಸುವ ತನಕ ಸಂಜೆಯಾಯಿತು. ಮೇಲೆ ಬೇವಿನ ಗಿಡ ಇಡೀ ದಿನ ರಿಂಗಾಯಿತು.

ಸುದ್ದಿ ಮೊದಲು ಮುಟ್ಟಿದ್ದು ಶಿಗ್ಗಾಂವದ ದೊಡ್ಡವ್ವ ಫಕ್ಕೀರವ್ವನಿಗೆ. ಅಡಿವೆವ್ವನ ಅಕ್ಕ. ಆ ದಿನ ಅವಳು ಸೊಸೆಯ ತವರಿನವರ ಜೊತೆ ಗೊಟಗೋಡಿಯ ಗಾರ್ಡನ್ ನೋಡಲು ಹೋಗಿದ್ದಳು. ಹಳ್ಳಿಯ ಜನರನ್ನು ಇದ್ದ ಹಾಗೇ ಗೊಂಬೆ ಮಾಡಿ ನಿಲ್ಲಿಸಿದ್ದಾರಲ್ಲ, ಬೀಸುವ ಕಲ್ಲಿನ ಗೊಂಬೆಗಳ ಪಕ್ಕ ಕೂತು ಉಸ್ಸೆನ್ನುವಾಗ ಸೊಸೆ ಫೋನು ತೋರಿಸಿದಳು. ಫಕ್ಕೀರವ್ವ ಕುಂತಲ್ಲೇ ಎದೆ ಬಡಿದುಕೊಂಡು ರಾಗ ತೆಗೆದಳು.

"ಎಪ್ಪಾ ನನ್ನ ಮಾಲತೇಶಾ, ತಾಳಿ ಕಟ್ಟೋ ಕೈ ಎದಿ ಮ್ಯಾಲೆ ಇಟಗೊಂಡು ಮಲಗೀಯಲ್ಲೋ..."

ಗಾರ್ಡನ್ ನೋಡಲು ಬಂದವರು ಸುತ್ತ ನೆರೆದರು. "ಇದೊಂದು ಗೊಂಬಿ ಎಷ್ಟು ಖರೇ ಮಾಡ್ಯಾರ ನೋಡ್ರಿ, ದನೀನೂ ಕೂಡ್ಸ್ಯಾರ" ಎಂದು ಒಬ್ಬ ತನ್ನ ಹೆಂಡತಿಯನ್ನು ಫಕ್ಕೀರವ್ವನ ಪಕ್ಕ ನಿಲ್ಲಿಸಿ ಫೋಟೋ ಹೊಡೆದ. ಫಕ್ಕೀರವ್ವ ಎದ್ದು ಮೂಗು ಒರೆಸಿಕೊಂಡಾಗ ಆ ಹೆಂಡತಿ ಕಿರುಚಿದ್ದು ಹೈವೇ ತನಕ ಕೇಳಿಸಿತಂತೆ.

ಸವಣೂರಿನಲ್ಲಿ ಮಾಲತೇಶನ ಜೀವದ ಗೆಳೆಯ ಇಮ್ರಾನನ ಶಾಮಿಯಾನದ ಅಂಗಡಿ ಇದೆ. ಅವನು ಸ್ಟೇಟಸ್ ನೋಡಿದ, ಫೋನು ಮಾಡಿದ. ಬೇವಿನ ಗಿಡ ಎತ್ತಲಿಲ್ಲ. ಕಣ್ಣು ಒರೆಸಿಕೊಂಡ. ಕಣ್ಣೀರಿನ ಮನುಷ್ಯನಾದರೂ ಕಸುಬಿನ ಮನುಷ್ಯ. ಟೆಂಪೋಕ್ಕೆ ಕುರ್ಚಿ, ತಾಡಪತ್ರಿ, ನೀರಿನ ಡ್ರಮ್ಮು ಹೇರಿಯೇ ಹೊರಟ.

ಹಾನಗಲ್ಲದ ಚನ್ನವೀರಪ್ಪ ಕಾಕಾ ಕಾಲೇಜಿನ ಹುಡುಗನೊಬ್ಬನಿಂದ ಸ್ಟೇಟಸ್ಸನ್ನು ಎರಡು ಸಲ ಓದಿಸಿದ. "'ಉಳಿಸಿಕೊಳ್ಳುವುದು ನಮ್ಮೆಲ್ಲರ ಕೈಯಲ್ಲಿದೆ' ಅಂತ ಡಾಕ್ಟರ್ ಬರದಾರ. ಡಾಕ್ಟರ್ ಹಿಂಗ ನಮ್ಮ ಕೈಗೆ ಹಾಕಿದ್ರ ಮುಗೀತು ಅಂತನ ಅರ್ಥ" ಎಂದು ತಿಳಿಸಿ ಹೇಳಿ, ಹೂವಿನ ಹಾರ ಕಟ್ಟಿಸಲು ಪೇಟೆಗೆ ಹೋದ. ಅಲ್ಲಿಂದಲೇ ಭಜನೆಯವರಿಗೂ ಹೇಳಿಕಳಿಸಿದ. ಹಿರೇಕೆರೂರಿಗೂ ಒಂದು ಫೋನು ಹೋಯಿತು, ಬೀಗರಾಗಬೇಕಾದವರಲ್ಲವೆ.

ಈ ಮೂವರಲ್ಲಿ ಒಬ್ಬರಾದರೂ ಅಡಿವೆವ್ವನಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ತಾಯಿಗೆ ಹೇಗೆ ಹೇಳುವುದೆಂದು ಮೂವರೂ ಮಾಡಲಿಲ್ಲ. ಅಡಿವೆವ್ವ ಮನೆಯ ಮುಂದೆ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಮೊದಲು ಟೆಂಪೋ ಬಂತು, ಆಮೇಲೆ ಅಕ್ಕ ಬಂದಳು. "ನನ್ನ ತಂಗೀ, ಮಗಾ ಹೋದನಲ್ಲ" ಎಂದು ಅಕ್ಕ ಮೈಮೇಲೆ ಬಿದ್ದಳು. "ಹೂಂ ಯಕ್ಕಾ, ಮುಂಜಾನೆನ ಹೋಗ್ಯಾನ. ಬಾವಿಗೆ" ಎಂದಳು ಅಡಿವೆವ್ವ. ಬಾವಿಗೆ ಎಂದದ್ದೇ ತಡ, ನೆರೆದವರಿಗೆಲ್ಲ ಕಥೆ ಪೂರ್ತಿಯಾಯಿತು. ಹಿರೇಕೆರೂರಿನಲ್ಲಿ ಆದ ಅವಮಾನ, ಕನ್ಯೆ ತಪ್ಪಿದ್ದು, ಬಾವಿ. ಹೆಂಗಸರು ಕೂಗಿದ ಕೂಗಿಗೆ ಅಡಿವೆವ್ವನಿಗೂ ಸಂಶಯ ಹುಟ್ಟಿ ಅವಳೂ ಅಳತೊಡಗಿದಳು.

ಸಂಜೆ ಹೊತ್ತಿಗೆ ಮಾಲತೇಶ ತಲೆಯಿಂದ ಕಾಲಿನ ತನಕ ಬಾವಿಯ ರಾಡಿ ಮೆತ್ತಿಕೊಂಡು, ಅಂಗಿಯನ್ನು ಕೈಯಲ್ಲಿ ಹಿಡಿದು ಬಂದ. ಮನೆಯ ಮುಂದೆ ತಾಡಪತ್ರಿ ಕಟ್ಟಿದ್ದರು. ಕುರ್ಚಿ ತುಂಬಿದ್ದವು. ಭಜನೆಯವರು ತಾಳ ಒರೆಸಿಕೊಳ್ಳುತ್ತಿದ್ದರು. ತುದಿಯ ಕುರ್ಚಿಯಲ್ಲಿದ್ದ ಮುದುಕ ಇವನನ್ನು ಮೇಲೆ ಕೆಳಗೆ ನೋಡಿ ಕೇಳಿದ, "ಮಣ್ಣಿಗೆ ಬಂದೀಯೇನು?"

"ಇಲ್ಲರಿ, ಮಣ್ಣಾಗಿಂದನ ಬಂದೇನಿ" ಎಂದ ಮಾಲತೇಶ. "ಯಾರು ಹೋದ್ರು?"

"ಮಾಲತೇಶ. ಸಣ್ಣ ವಯಸ್ಸು."

ಮಾಲತೇಶ ಕುರ್ಚಿ ಹಿಡಿದುಕೊಂಡ. ಮುದುಕ ಮುಂದುವರಿಸಿದ, "ಹುಡುಗ ಚಲೋ ಇದ್ದ ಬಿಡು. ಮೋಟರ್ ಒಂದು ನೆಟ್ಟಗ ಕಟ್ತಿರಲಿಲ್ಲ."

"ಯಾವ ಮೋಟರ್ರೀ?"

"ನಂದ ಕಟ್ಟಿದ್ದ. ಹದಿನೈದು ದಿನಕ್ಕ ಸುಟ್ಟಿತು."

"ಕರೆಂಟು ಎರಡ ಫೇಸ್ ಇದ್ದಾಗ ಚಾಲೂ ಮಾಡಿದ್ರ ಸುಡದ ಏನಾಗತೈತ್ರೀ ಅಜ್ಜಾ? ಸಾವಿರ ಸಲ ಹೇಳೇನಿ ನಿಮಗ."

ಅಜ್ಜ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಜನ ತಿರುಗಿ ನೋಡಿದರು. ರಾಡಿಯೊಳಗಿಂದ ಎರಡು ಕೆಂಪು ಕಣ್ಣು ಕಾಣಿಸಿದವು. ಫಕ್ಕೀರವ್ವ ಹತ್ತಿರ ಬಂದು ಮುಖ ಮುಟ್ಟಿ ನೋಡಿ, ಹೌದು ಅವನೇ ಎಂದು ಖಾತ್ರಿಯಾದ ಮೇಲೆ ಕೆನ್ನೆಗೆ ಒಂದು ಬಿಟ್ಟಳು.

"ಬದುಕಿದ್ದು ಫೋನ್ ಎತ್ತಾಕ ಏನು ದಾಡಿ ನಿನಗ? ಶಿಗ್ಗಾಂವಿಂದ ಹಾಡಿಕೊಂಡು ಬಂದೇನಿ. ಗಂಟಲು ಹರಿದೈತಿ ನಂದು."

ಸಂತೋಷ ಆಗಬೇಕಿತ್ತು ಎಂದು ನೀವು ಅನ್ನಬಹುದು. ಆಯಿತು, ಅಡಿವೆವ್ವನಿಗೆ ಆಯಿತು. ಉಳಿದವರಿಗೆ ಮೋಸ ಹೋದ ಹಾಗಾಯಿತು. ಕೆಲಸ ಬಿಟ್ಟು, ಬಸ್ಸು ಬದಲಿಸಿ, ಅಳು ತಯಾರಿ ಮಾಡಿಕೊಂಡು ಬಂದವರ ಎದುರು ಸತ್ತವನು ನಿಂತು ನೀರು ಕೇಳಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಚನ್ನವೀರಪ್ಪ ಕೈಯಲ್ಲಿದ್ದ ಹಾರ ನೋಡಿಕೊಂಡ. ಇಮ್ರಾನ ಮಾತ್ರ ತಬ್ಬಿಕೊಂಡು ತನ್ನ ಅಂಗಿಗೂ ರಾಡಿ ಮಾಡಿಕೊಂಡ. "ನೀ ಬದುಕೀಯಲ್ಲ, ಸಾಕು. ಕುರ್ಚಿ ನಾಳೆ ಒಯ್ತೇನಿ ಬಿಡು, ಇಳಿಸಿ ಬೆನ್ನು ಹೋಗೈತಿ."

"ಹಿರೇಕೆರೂರಿಗೆ ಯಾರು ಹೇಳೀರಿ?" ಎಂದು ಮಾಲತೇಶ ಕೇಳಿದ.

ಕಾಕಾ ಭಜನೆಯವರ ಕಡೆ ತಿರುಗಿ, "ಬಂದೀರಿ, ಒಂದೆರಡು ಪದಾನರ ಹಾಡ್ರಿ" ಎಂದ.

ಮಾಲತೇಶ ಅಲ್ಲಿಂದಲೇ ಪರಮೇಶಪ್ಪನಿಗೆ ಫೋನು ಹಚ್ಚಿದ. "ಮಾವಾರ, ನಾ ಮಾಲತೇಶ ಮಾತಾಡಾಕತ್ತೇನಿ" ಎಂದ. ಆ ಕಡೆ ಪರಮೇಶಪ್ಪನಿಗೆ ಕೇಳಿಸಿದ್ದು ಮಾಲತೇಶನ ದನಿ ಮತ್ತು ಅದರ ಹಿಂದೆ ತಾಳ, ದಮ್ಮಡಿ, ಭಜನೆ. ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಆದರೆ ಪರಮೇಶಪ್ಪ ಯಾವ ಮಾತನ್ನೂ ಪರೀಕ್ಷಿಸದೆ ನಂಬುವವನಲ್ಲ, ಗೊಬ್ಬರದ ವ್ಯಾಪಾರಿ. ಹುಡುಗ ಸತ್ತಿದ್ದರೆ ಸತ್ತ ಎಂದು ತಿಳಿದು ಹೋಗಬೇಕು, ಬದುಕಿದ್ದರೆ ಅಷ್ಟು ದೊಡ್ಡ ರೋಗ ಯಾವುದೆಂದು ತಿಳಿದು ಹೋಗಬೇಕು ಎಂದು ಮರುದಿನ ಬೆಳಿಗ್ಗೆಯ ಬಸ್ಸಿಗೆ ಬಂದಿಳಿದ. ಗಂಡಿನ ವಿಚಾರ ಮಾಡುವುದಕ್ಕೂ ಒಂದು ಪದ್ಧತಿ ಉಂಟು. ಗಂಡಿನ ಮನೆಯಲ್ಲಿ ಕೇಳಬಾರದು, ಹೊಗಳುತ್ತಾರೆ. ಪಕ್ಕದ ಮನೆಯಲ್ಲಿ ಕೇಳಬಾರದು, ಬೈಯುತ್ತಾರೆ. ಊರಿನ ಹೊರಗೆ, ಯಾವ ಕಡೆಯೂ ಸೇರದ, ನಾಲ್ಕು ಅಕ್ಷರ ಓದಿದವರನ್ನು ಹಿಡಿಯಬೇಕು.

ಕೆರೆಯ ದಂಡೆಯ ಮೇಲೆ ಕನ್ನಡಕ ಹಾಕಿಕೊಂಡ ಹುಡುಗಿಯೊಬ್ಬಳು ಒಬ್ಬಳೇ ಕುಳಿತಿದ್ದಳು. ಇದಕ್ಕಿಂತ ಬೇಕೇ?

ಫರ್ಹತಳೂ ನೋಡಿದಳು. ಸಫಾರಿ, ಕಪ್ಪು ಕನ್ನಡಕ, ಕೈಯಲ್ಲಿ ಭಾರದ ಚೀಲ. ಅರಣ್ಯ ಇಲಾಖೆಯ ಸಾಹೇಬರು ಕೊನೆಗೂ ಬಂದರು ಎಂದು ಎದ್ದು ನಿಂತಳು.

"ಇಲ್ಲೊಂದು ಗಂಡು ಐತಂತಲ್ಲವಾ, ಅದರ ಬಗ್ಗೆ ವಿಚಾರ ಮಾಡಾಕ ಬಂದೇನಿ" ಎಂದ ಪರಮೇಶಪ್ಪ.

"ಬರ್ರಿ ಸರ, ನಿಮ್ಮ ದಾರಿನ ಕಾಯಾಕತ್ತಿದ್ದೆ. ಕುಂದ್ರ್ರಿ. ಈ ದಂಡಿಗೆ ಒಂದ ಗಂಡು ಉಳದೈತ್ರಿ ಸರ, ಅದಕ್ಕ ಇಷ್ಟು ಅವಸರ."

"ಅಂದ್ರ ಇನ್ನೂ ಜೀವಂತ ಐತಿ?"

"ಈಗ ಇಲ್ಲೆ ಇತ್ತು ಸರ, ಆಕಡೆ ಹೋತು. ಒಂದು ಕಡೆ ನಿಲ್ಲೂದ ಇಲ್ಲ."

"ಅದು ಖರೆ. ನಮ್ಮ ಹಿರೇಕೆರೂರಿಗೆ ಬಂದಾಗೂ ಹಂಗ ಚಡಪಡಸ್ತಿತ್ತು."

ಫರ್ಹತಳ ಕಣ್ಣು ಅಗಲವಾದವು. "ಹಿರೇಕೆರೂರು ಭಾಗದಾಗೂ ಕಂಡೈತೇನ್ರಿ? ಭಾಳ ದೊಡ್ಡ ಸುದ್ದಿ ಸರ ಇದು. ಎಷ್ಟೊತ್ತು ಇತ್ತು?"

"ಅವಲಕ್ಕಿ ತಿನ್ನೂಮಟ ಇತ್ತು."

ಫರ್ಹತ ತಲೆಯಾಡಿಸಿದಳು. ಸಾಹೇಬರ ವೇಳೆಯ ಲೆಕ್ಕ ಹೀಗೇ ಇರಬೇಕು ಎಂದುಕೊಂಡಳು.

"ನೀವು ಎಷ್ಟು ದಿನದಿಂದ ಬಲ್ಲೀರವಾ ಗಂಡನ್ನ?"

"ಎರಡು ತಿಂಗಳಾತು ಸರ, ದಿನಾ ಅದರ ಹಿಂದನ ಅದೇನಿ."

ಪರಮೇಶಪ್ಪ ಕಪ್ಪು ಕನ್ನಡಕ ತೆಗೆದು ಹುಡುಗಿಯನ್ನು ಸರಿಯಾಗಿ ನೋಡಿದ. "ಹೌದೂ. ಸ್ವಭಾವ ಹೆಂಗ?"

"ಭಾಳ ಸಿಟ್ಟು. ಇನ್ನೊಂದು ಗಂಡು ಹತ್ತಿರ ಸುಳೀತಂದ್ರ ಮೈಮ್ಯಾಲ ಏರಿ ಹೋಗ್ತೈತಿ."

"ಊಟಾ?"

"ಪಕ್ಕಾ ಮಾಂಸಾಹಾರಿ ಸರ. ಹಸರು ಮುಟ್ಟೂದ ಇಲ್ಲ."

ಪರಮೇಶಪ್ಪನ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗದ ಮೇಲೆ ಹೋಯಿತು. ಚನ್ನವೀರಪ್ಪ ಎಂಥ ಮನೆತನ ಎಂದು ಹೇಳಿದ್ದ! "ಮತ್ತ, ಕೇಳಬಾರದು, ಹೆಣ್ಣಿನ ವಿಷಯದಾಗ ಹೆಂಗ?"

ಫರ್ಹತ ಶಾಸ್ತ್ರ ಓದಿದವಳು, ನಾಚಿಕೆಪಡಲಿಲ್ಲ. "ಒಂದಕ್ಕ ನಿಲ್ಲೂದಿಲ್ಲ ಸರ. ಹೆಣ್ಣು ಕಂಡ್ರ ಸೀದಾ ಕುತ್ತಿಗಿ ಹಿಡದು ಎತಗೊಂಡ ಹೋಗ್ತೈತಿ."

"ಹಾಡಹಗಲ?"

"ಬಿಸಲು ಇದ್ದಾಗನ ಜಾಸ್ತಿ."

"ಊರಾಗ ಯಾರೂ ಕೇಳೂದಿಲ್ಲ?"

"ಊರವ್ರಿಗೆ ಎಲ್ಲಿ ತಿಳಿತೈತ್ರಿ? ಅವ್ರಿಗೆ ಬಾಲಕ್ಕ ದಾರ ಕಟ್ಟೂದ ಗೊತ್ತು."

ಇದು ಏನೋ ಗಾದೆಯಂಥ ಮಾತಿರಬೇಕೆಂದು ಪರಮೇಶಪ್ಪ ಮುಂದೆ ಹೋದ. "ಹುಟ್ಟಿ ಬೆಳದದ್ದು?"

"ಎಲ್ಲಾ ರಾಡ್ಯಾಗ. ರೆಕ್ಕಿ ಬಂದ ಮ್ಯಾಲೆನ ಹೊರಗ ಬರೂದು. ರೆಕ್ಕಿ ಬಂದ ಮ್ಯಾಲ ಭಾಳಂದ್ರ ಒಂದೆರಡು ತಿಂಗಳು ಸರ. ಅಷ್ಟ ಅದರ ಆಯುಷ್ಯ." ಫರ್ಹತ ಕೈ ಮುಗಿದಳು. "ನೀವು ಒಂದು ಮಾತು ಹೇಳಿದ್ರ ಇದಕ್ಕ ಸ್ಟೇಟಸ್ ಸಿಗ್ತೈತಿ. ಇಲ್ಲಾಂದ್ರ 'ಮಾಹಿತಿ ಸಾಲದು' ಅಂತನ ಉಳೀತೈತಿ."

"ಸಾಲದೇನವಾ" ಎಂದು ಪರಮೇಶಪ್ಪ ಎದ್ದ. "ಸಾಕು ಸಾಕಾತು."

ಅಲ್ಲಿಂದ ಅವನು ನಡೆದ ರಭಸಕ್ಕೆ ಜೊಂಡಿನ ಕಪ್ಪೆಗಳೆಲ್ಲ ನೀರಿಗೆ ಬಿದ್ದವು. ಮಾಲತೇಶನ ಮನೆ ಕೆರೆಯ ಏರಿಯ ಕೆಳಗೇ. ಬಸ್ಸು ತಪ್ಪಿಸಿಕೊಂಡು ರಾತ್ರಿ ಅಲ್ಲೇ ಉಳಿದಿದ್ದ ನೆಂಟರು ಇಮ್ರಾನನ ಕುರ್ಚಿಯ ಮೇಲೆ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದರು. ಮಾಲತೇಶ ಹಿರೇಕೆರೂರಿಗೆ ಹೊರಡಲು ಗಾಡಿ ಒರೆಸುತ್ತಿದ್ದ. ಆ ಉತ್ತರವನ್ನು ರಾತ್ರಿಯೆಲ್ಲ ತಿದ್ದಿ ತೀಡಿ ಬಾಯಿಪಾಠ ಮಾಡಿಕೊಂಡಿದ್ದ. ಅದಿನ್ನು ಒಂದಕ್ಷರ ಆಚೀಚೆ ಮಾಡುವ ಹಾಗಿರಲಿಲ್ಲ. ಉತ್ತರ ಕೇಳಬೇಕಾದವನು ತಾನಾಗಿ ಅಂಗಳಕ್ಕೇ ಬಂದು ನಿಂತ.

"ಚನ್ನವೀರಪ್ಪ, ಎಂಥಾ ಗಂಡು ತೋರಿಸಿದಿ ನಮಗ? ಗಂಡಿನ ಎಲ್ಲಾ ಬಣ್ಣ ಬಯಲಾಗೈತಿ. ಸಿಟ್ಟಿಂದು ಅಂತ."

ನೆಂಟರು ತಲೆಯಾಡಿಸಿದರು. ಅದು ಸುಳ್ಳಲ್ಲ.

"ಒಂದು ಕಡೆ ನಿಲ್ಲೂದಿಲ್ಲ ಅಂತ."

ಅದೂ ಹೌದು. ಫಕ್ಕೀರವ್ವ, "ಸಣ್ಣಂವ ಇದ್ದಾಗಿಂದ್ಲೂ ಹಂಗ್ರಿ" ಎಂದು ಸೇರಿಸಿದಳು.

"ಮಾಂಸಾ ಬಿಟ್ಟು ಬ್ಯಾರೆ ಮುಟ್ಟೂದಿಲ್ಲ ಅಂತ."

ಅಡಿವೆವ್ವನ ಕೈಯಿಂದ ಉಪ್ಪಿಟ್ಟಿನ ಸೌಟು ಜಾರಿತು. ಎಲ್ಲರೂ ಒಮ್ಮೆಲೇ ಇಮ್ರಾನನ ಕಡೆ ನೋಡಿದರು. "ನನ್ನ ಯಾಕ ನೋಡ್ತೀರಿ?" ಎಂದ ಇಮ್ರಾನ. "ನಮ್ಮ ಮನ್ಯಾಗ ಬಂದ್ರ ಅವನು ತತ್ತಿ ಇಟ್ಟ ಪ್ಲೇಟನ್ಯಾಗ ಬಿಸ್ಕೀಟೂ ತಿನ್ನೂದಿಲ್ಲ. ನಮ್ಮವ್ವ ಅವನಿಗಂತನ ಬ್ಯಾರೆ ಪ್ಲೇಟ್ ಇಟ್ಟಾಳ."

"ಇನ್ನೂ ಐತಿ. ಹೆಣ್ಣು ಕಂಡ್ರ ಹಾಡಹಗಲ ಕುತ್ತಿಗಿ ಹಿಡದು ಎತಗೊಂಡ ಹೋಗ್ತೈತಂತ. ರೆಕ್ಕಿ ಬಂದ ಮ್ಯಾಲ ಎರಡು ತಿಂಗಳಿಗೆ ಸಾಯ್ತೈತಂತ."

ಮಾಲತೇಶನ ಮುಖ ಮೊದಲು ಕೆಂಪಾಗಿ, ಆಮೇಲೆ ಬಿಳುಪಾಗಿ, ಬಾಯಿಪಾಠ ಮಾಡಿದ ಉತ್ತರವೆಲ್ಲ ಮರೆತುಹೋಯಿತು. ಬಿದ್ದಿದ್ದ ಅಜ್ಜ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೂ ಉಪ್ಪಿಟ್ಟಿಗೆ ಬಂದಿದ್ದವನು, ಮೆಲ್ಲಗೆ ಕೇಳಿದ, "ಯಾವ ರೆಕ್ಕಿ?"

ಅಷ್ಟರಲ್ಲಿ ಬಲೆ ಹಿಡಿದು ಏದುಸಿರು ಬಿಡುತ್ತ ಫರ್ಹತ ಓಡಿ ಬಂದಳು. "ಸರ, ಹಂಗ ಎದ್ದು ಬಂದ್ರೆಲ್ಲ. ನಿಮ್ಮ ಹೆಸರು, ಹುದ್ದಿ ಏನೂ ಹೇಳಲಿಲ್ಲ. ಹುಳದ ಬಗ್ಗೆ ಇಲಾಖೆಗೆ ಏನಂತ ತಿಳಿಸ್ತೀರಿ?"

"ಯಾವ ಹುಳಾ?" ಎಂದ ಪರಮೇಶಪ್ಪ.

"ಯಾವ ಇಲಾಖೆ?" ಎಂದ ಚನ್ನವೀರಪ್ಪ. "ಅವ್ರಿಗೆ ಹಿರೇಕೆರೂರಾಗ ಗೊಬ್ಬರದಂಗಡಿ ಐತೆವಾ."

ಎರಡೂ ಕಡೆಯ ಮಾತು ಎದುರುಬದುರು ಕೂತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಅರ್ಥವಾದದ್ದು ಫಕ್ಕೀರವ್ವನಿಗೆ. ಹರಿದ ಗಂಟಲಿನಿಂದ ಅವಳು ನಗತೊಡಗಿದಾಗ ಅದು ಪಂಪಸೆಟ್ಟು ಗಾಳಿ ಎಳೆದ ಹಾಗೆ ಕೇಳಿಸಿತು. ಆಮೇಲೆ ಇಮ್ರಾನ, ಆಮೇಲೆ ಅಜ್ಜ ಸೊಂಟ ಹಿಡಿದುಕೊಂಡು, ಆಮೇಲೆ ಇಡೀ ಅಂಗಳ. ಚನ್ನವೀರಪ್ಪ ಇಲ್ಲೂ "ಹೆಹೆ" ಎಂದ, ಅವನಿಗೆ ಪಡಸಾಲೆಯೂ ಒಂದೇ, ಅಂಗಳವೂ ಒಂದೇ. ನಗದವರು ಇಬ್ಬರು. ಇಷ್ಟು ಹೇಳಿದ್ದೆಲ್ಲ ಗೊಬ್ಬರದಂಗಡಿಯವನಿಗೆ ಹೋಯಿತಲ್ಲ, ಸಾಹೇಬರು ಇವತ್ತೂ ಬರಲಿಲ್ಲವಲ್ಲ ಎಂದು ಫರ್ಹತ. ಇನ್ನೊಬ್ಬ ಪರಮೇಶಪ್ಪ.

ಹಿರಿಯರಾದವರು ನಗೆಪಾಟಲಾದಾಗ ಮಾಡುವ ಕೆಲಸ ಒಂದೇ, ಮತ್ತೊಬ್ಬರನ್ನು ಕಟಕಟೆಗೆ ನಿಲ್ಲಿಸುವುದು. ಪರಮೇಶಪ್ಪ ಗಂಟಲು ಸರಿಮಾಡಿಕೊಂಡ.

"ಆತು. ಹುಳದ್ದು ಹುಳಕ್ಕಿರ್ಲಿ. ಎಲ್ಲಾರ ಮುಂದ ಕೇಳ್ತೇನಿ, ಹೇಳು ತಮ್ಮಾ. ಹುಳಕ್ಕಂತೂ ಮಾಹಿತಿ ಸಾಲದಂತ, ಬಿಡು. ನಿನ್ನ ಸ್ಟೇಟಸ್ ಏನು?"

ನಗು ನಿಂತಿತು. ಎಲ್ಲರೂ ಮಾಲತೇಶನ ಬಾಯಿ ನೋಡಿದರು. ಈ ಸಲ ಬಾಯಲ್ಲಿ ಅವಲಕ್ಕಿ ಇರಲಿಲ್ಲ. ಮರೆತುಹೋಗಿದ್ದ ಉತ್ತರವೂ ಪೂರ್ತಿ ವಾಪಸು ಬಂದಿತ್ತು, ಹಂಸಭಾವಿಯಲ್ಲಿ ಹೊಳೆದದ್ದು, ತಿಳವಳ್ಳಿಯಲ್ಲಿ ಹೊಳೆದದ್ದು, ರಾತ್ರಿ ತಿದ್ದಿದ್ದು, ಎಲ್ಲ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತವು. ಅವನು ಉಸಿರೆಳೆದ.

ಅಷ್ಟರಲ್ಲಿ ಪರಮೇಶಪ್ಪ ಕೈ ಸೋತು ಚೀಲವನ್ನು ಕೆಳಗಿಟ್ಟ. ಒಳಗೆ ಏನೋ ಟಣ್ ಎಂದಿತು.

"ಅದೇನದು?" ಎಂದಳು ಅಡಿವೆವ್ವ.

"ಅದಾ?" ಪರಮೇಶಪ್ಪನ ದನಿ ಇಳಿಯಿತು. "ಮಿಕ್ಸರ್. ನಾ ಬ್ಯಾಡಂತ ಹೇಳಿದೆ. ಹುಡುಗ ಸತ್ತಾನ, ಎಲ್ಲಾರೂ ಸ್ಟೇಟಸ್ ನೋಡ್ಯಾರ, ಹೊತಗೊಂಡ ಹೋಗಿ ಯಾರಿಗೆ ಕೊಡ್ಲಿ ಅಂದೆ. ನಮ್ಮ ತನುಜಾ ಕೇಳಬೇಕಲ್ಲ. 'ಸತ್ತಿದ್ರ ಹೊಳ್ಳಿ ತೊಗೊಂಡು ಬಾ ಮಾವಾ, ಬದುಕಿದ್ರ ಕೊಟ್ಟು ಬಾ. ಕಟ್ಟಿದ ಮ್ಯಾಲ ಅವ್ರ ತಂದುಕೊಡ್ಲಿ' ಅಂದ್ಲು." ಅಷ್ಟು ಹೇಳಿ, ತಾನು ಕೇಳಿದ ಪ್ರಶ್ನೆ ನೆನಪಾಗಿ ಮತ್ತೆ ದನಿ ಏರಿಸಿದ. "ಅದಿರ್ಲಿ. ಹೇಳು ಮತ್ತ. ಕೇಳಿದ್ದಕ್ಕ ಉತ್ತರ ಹೇಳು."

ಮಾಲತೇಶ ಚೀಲದ ಬಾಯಿ ತೆರೆದ. ಮಿಕ್ಸರನ್ನು ಅರ್ಧ ಹೊರಗೆ ತೆಗೆದು, ತಿರುಗಿಸಿ, ಬುಡಕ್ಕೆ ಮೂಗು ಹಚ್ಚಿದ. ಸುಟ್ಟ ವಾರ್ನಿಶಿನ ವಾಸನೆ. ಅದರ ಹಿಂದೆ ಸಣ್ಣಗೆ ಶೇಂಗಾ ಚಟ್ನಿಯ ವಾಸನೆ. ಜಾರಿನ ಮುಚ್ಚಳ ಸಡಿಲಾಗಿತ್ತು, ಅದಕ್ಕೆ ಕೆಂಪು ದಾರ ಸುತ್ತಿ ಗಂಟು ಹಾಕಿದ್ದರು.

ಮಿಕ್ಸರನ್ನು ಮತ್ತೆ ಚೀಲಕ್ಕಿಳಿಸಿ ಕಂಕುಳಲ್ಲಿ ಇಟ್ಟುಕೊಂಡ. ಪರಮೇಶಪ್ಪನ ಪಕ್ಕದಿಂದ, ಕುರ್ಚಿಗಳ ನಡುವಿನಿಂದ ದಾಟಿ ಕೆರೆಯ ಏರಿ ಹತ್ತಿದ.

"ಏ ತಮ್ಮಾ, ಹಿರ್ಯಾರು ಕೇಳಾಕತ್ತೇವಿ" ಎಂದ ಪರಮೇಶಪ್ಪ.

"ಮಾಲತೇಶಣ್ಣಾ, ನಿಂದ್ರ್ರಿ, ಅಲುಗಾಡಬ್ಯಾಡ್ರಿ" ಎಂದು ಫರ್ಹತ ಬಲೆ ಎತ್ತಿಕೊಂಡು ಓಡಿದಳು. "ಬೆನ್ನ ಮ್ಯಾಲ ಕುಂತೈತಿ."

ಮಾಲತೇಶ ನಿಲ್ಲಲೂ ಇಲ್ಲ, ತಿರುಗಲೂ ಇಲ್ಲ. ಅಂಗಡಿಯ ತಗಡಿನ ಬಾಗಿಲ ಕಡೆ ನಡೆದ. ಚೀಲದಲ್ಲಿ ಮುಚ್ಚಳ ಟಕಟಕ ಎನ್ನುತ್ತಿತ್ತು.